ಬೆಂಗಳೂರು–ದುಬೈ ಮಾರ್ಗದ ಎ380: ಕುಳಿತವರಿಗೆ ಸುಖ, ಹಾರಿಸುವವರಿಗೆ ಭಾರ

ಎಮಿರೇಟ್ಸ್ ಸಂಸ್ಥೆಯು 2022ರ ಅಕ್ಟೋಬರ್ ಮಧ್ಯದಲ್ಲಿ ಬೆಂಗಳೂರು ಮತ್ತು ದುಬೈ ನಡುವಿನ ತನ್ನ ಹಾರಾಟಗಳಲ್ಲೊಂದನ್ನು ಏರ್‌ಬಸ್ ಎ380 ವಿಮಾನಕ್ಕೆ ವಹಿಸಿತು. ಆ ಸಂಸ್ಥೆಯ ಎ380 ಸೇವೆಯನ್ನು ಪಡೆದ ಭಾರತದ ನಗರಗಳಲ್ಲಿ ಮುಂಬೈ ಮೊದಲನೆಯದು, ಬೆಂಗಳೂರು ಎರಡನೆಯದು. ಅಮೆರಿಕ, ಯುರೋಪ್‌ಗಳಿಗೆ ದುಬೈ ಮೂಲಕ ಹೋಗಿಬರುವ ನಮ್ಮ ಕಡೆಯ ಅನೇಕರು ಈಗ ಈ ವಿಮಾನವನ್ನು ಹತ್ತಿದ್ದಾರೆ. ಆದರೆ ಅದರ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹಗಳು ಹೆಚ್ಚಾಗಿ ಮೇಲಿನ ಮಹಡಿಯ ಸ್ನಾನದ ಕೋಣೆ, ಹಿಂಬದಿಯ ಬಾರ್, ಅಗಲವಾದ ಮೆಟ್ಟಿಲು ಇವುಗಳಲ್ಲೇ ಮುಗಿದುಹೋಗುತ್ತವೆ. ನಮ್ಮಲ್ಲಿ ಹೆಚ್ಚಿನವರು ಕೂರುವುದು ಕೆಳಗಿನ ಮಹಡಿಯ ಇಕಾನಮಿಯಲ್ಲಿ. ಆ ಸ್ನಾನದ ಕೋಣೆ ನಮ್ಮ ಟಿಕೆಟ್‌ಗೆ ಸಂಬಂಧಿಸಿದ್ದಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ಊಟ, ಸಿನಿಮಾ, ಸಿಬ್ಬಂದಿಯ ನಗು ಇವುಗಳನ್ನು ಬದಿಗಿಟ್ಟು, ವಿಮಾನವನ್ನೇ ಒಂದು ಸರಕೆಂದು ತಿಳಿದು, ಅದನ್ನು ಯಾವುದರಿಂದ ಕಟ್ಟಿದ್ದಾರೆ, ಯಾವ ಎಂಜಿನ್ ಹಾಕಿದ್ದಾರೆ, ಆ ಆಯ್ಕೆಗಳಿಂದ ಕೂತವರಿಗೆ ಏನು ದಕ್ಕಿದೆ ಎಂಬುದನ್ನು ಪರಿಶೀಲಿಸಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಯಾಣಿಕನ ದೃಷ್ಟಿಯಿಂದ ಇಕಾನಮಿ ದರ್ಜೆಯಲ್ಲಿ ಇಂದಿಗೂ ಇದಕ್ಕಿಂತ ನೆಮ್ಮದಿಯ ದೊಡ್ಡ ವಿಮಾನ ಇನ್ನೊಂದಿಲ್ಲ. ವಿಮಾನ ತಯಾರಿಕೆಯ ದೃಷ್ಟಿಯಿಂದ ಇದು ಎರಡು ಕಾಲಗಳ ಸಂಧಿಯಲ್ಲಿ ಹುಟ್ಟಿ ಎರಡಕ್ಕೂ ಪೂರ್ತಿ ಸೇರದೆ ಉಳಿದ ಯಂತ್ರ. ಈ ಎರಡು ಮಾತುಗಳಿಗೂ ಕಾರಣ ಒಂದೇ: ಅಗತ್ಯಕ್ಕಿಂತ ದೊಡ್ಡದಾಗಿ, ಅಗತ್ಯಕ್ಕಿಂತ ಭಾರವಾಗಿ ಕಟ್ಟಿದ್ದರಿಂದಲೇ ಅದು ಅಷ್ಟು ಸುಖಕರವಾಗಿದೆ, ಮತ್ತು ಅದರಿಂದಲೇ ಅದರ ತಯಾರಿಕೆ ನಿಂತಿದೆ.

ಅಳತೆಗಳನ್ನು ನೋಡೋಣ. ಉದ್ದ 72.7 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 79.8 ಮೀಟರ್, ಬಾಲದ ಎತ್ತರ 24.1 ಮೀಟರ್. ಪೂರ್ಣ ತುಂಬಿದಾಗ ನೆಲ ಬಿಡಬಹುದಾದ ಗರಿಷ್ಠ ತೂಕ 575 ಟನ್. ಅದನ್ನು ಹೊರಲು 22 ಚಕ್ರಗಳಿವೆ. ಮೂಗಿನಡಿ ಎರಡು, ರೆಕ್ಕೆಗಳ ಬುಡದಲ್ಲಿ ಎಂಟು, ಒಡಲಿನಡಿ ಹನ್ನೆರಡು. ಫ್ರಾನ್ಸ್‌ನ ತುಲೂಸ್‌ನಲ್ಲಿ 2005ರ ಏಪ್ರಿಲ್ 27ರಂದು ಮೊದಲ ಬಾರಿ ಹಾರಿದ ಈ ವಿಮಾನ 2007ರ ಅಕ್ಟೋಬರ್ 25ರಂದು ಸಿಂಗಪುರ ಏರ್‌ಲೈನ್ಸ್ ಮೂಲಕ ಪ್ರಯಾಣಿಕರ ಸೇವೆಗೆ ಬಂತು. ಒಟ್ಟು 251 ವಿಮಾನಗಳು ಗ್ರಾಹಕರ ಕೈ ಸೇರಿದವು; ಅವುಗಳಲ್ಲಿ 123 ಎಮಿರೇಟ್ಸ್ ಒಂದಕ್ಕೇ ಹೋದವು. ಹೆಚ್ಚುಕಡಿಮೆ ಅರ್ಧದಷ್ಟು ಸರಕನ್ನು ಒಬ್ಬನೇ ಗಿರಾಕಿ ಕೊಂಡಿದ್ದಾನೆ ಎಂದರೆ ಆ ಅಂಗಡಿಯ ವ್ಯಾಪಾರ ಹೇಗಿತ್ತೆಂದು ಊಹಿಸಿಕೊಳ್ಳಬಹುದು. ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ ಕೂಡ 2005ರಲ್ಲಿ ಐದು ಎ380ಗಳಿಗೆ ಬೇಡಿಕೆ ಇಟ್ಟಿತ್ತು. 2012ರಲ್ಲಿ ಆ ಸಂಸ್ಥೆಯೇ ಹಾರಾಟ ನಿಲ್ಲಿಸಿತು. ಒಂದು ವಿಮಾನವೂ ಬರಲಿಲ್ಲ.

ಈಗ ಒಳಗಿನ ಅನುಭವ. ಕೆಳಗಿನ ಮಹಡಿಯ ಒಳ ಅಗಲ ಸುಮಾರು ಆರೂವರೆ ಮೀಟರ್. ಅಲ್ಲಿ ಸಾಲಿಗೆ ಮೂರು–ನಾಲ್ಕು–ಮೂರರಂತೆ ಹತ್ತು ಆಸನಗಳಿವೆ. ಇದೇ ಮಾರ್ಗದಲ್ಲಿ ಹಾರುವ ಬೋಯಿಂಗ್ 777ರಲ್ಲೂ ಸಾಲಿಗೆ ಹತ್ತೇ ಆಸನ, ಆದರೆ ಅದರ ಒಳ ಅಗಲ ಆರು ಮೀಟರ್‌ಗಿಂತ ಕಡಿಮೆ. ಈ ವ್ಯತ್ಯಾಸದಿಂದ ಆಸನದ ಅಗಲದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಸುಮಾರು ಒಂದು ಅಂಗುಲ ಹೆಚ್ಚು ಜಾಗ. ಕಾಗದದ ಮೇಲೆ ಅದು ಅಲ್ಪವೆನಿಸಬಹುದು. ಪಕ್ಕದವರ ಮೊಣಕೈ ನಮ್ಮ ಪಕ್ಕೆಗೆ ತಾಗದೆ ನಾಲ್ಕು ಗಂಟೆ ಕಳೆಯುವುದು ಆ ಒಂದು ಅಂಗುಲದಿಂದಲೇ. ಕಿಟಕಿಯ ಪಕ್ಕದ ಗೋಡೆ ಭುಜದ ಮಟ್ಟದಲ್ಲಿ ಒಳಕ್ಕೆ ಬಾಗದೆ ಬಹುಮಟ್ಟಿಗೆ ನೆಟ್ಟಗಿರುವುದರಿಂದ ಅಲ್ಲಿ ಕೂತವರಿಗೆ ತಲೆ ಒತ್ತಿದಂತಾಗುವುದಿಲ್ಲ. ಆದರೆ ಗೋಡೆಯ ದಪ್ಪ ಹೆಚ್ಚು, ಕಿಟಕಿ ಆಳದಲ್ಲಿದೆ. ಹೊರಗೆ ನೋಡಲು ಕತ್ತು ಚಾಚಬೇಕು. ರೆಕ್ಕೆಯ ಮೇಲಿನ ಸಾಲುಗಳಲ್ಲಿ ಕೂತರಂತೂ 845 ಚದರ ಮೀಟರ್‌ನ ಆ ಬೂದು ಬಯಲೇ ಕಾಣುತ್ತದೆ ಹೊರತು ನೆಲ ಕಾಣುವುದಿಲ್ಲ. ನೋಟ ಬೇಕೆನ್ನುವವರು ರೆಕ್ಕೆಯ ಹಿಂಬದಿಯ ಕೊನೆಯ ವಿಭಾಗವನ್ನು ಆರಿಸಿಕೊಳ್ಳುವುದು ಒಳ್ಳೆಯದು; ಅಲ್ಲಿಂದ ರೆಕ್ಕೆಯ ಚಲಿಸುವ ಪಟ್ಟಿಗಳ ಕೆಲಸವೂ ಚೆನ್ನಾಗಿ ಕಾಣುತ್ತದೆ.

ಆ ಪಟ್ಟಿಗಳನ್ನು ಸ್ವಲ್ಪ ಹೊತ್ತು ಗಮನಿಸಬೇಕು. ಪ್ರತಿ ರೆಕ್ಕೆಯ ಹೊರತುದಿಯಲ್ಲಿ ಐಲರಾನ್ ಎಂಬ ಮೂರು ಪಟ್ಟಿಗಳಿವೆ. ಗಾಳಿಯ ಹೊಡೆತ ಬಂದಾಗ ಕಂಪ್ಯೂಟರ್ ಅವುಗಳನ್ನು ಕ್ಷಣಾರ್ಧದಲ್ಲಿ ಮೇಲೆ ಕೆಳಗೆ ಆಡಿಸಿ ರೆಕ್ಕೆಯ ಮೇಲೆ ಬೀಳುವ ಒತ್ತಡವನ್ನು ತಗ್ಗಿಸುತ್ತದೆ. ವಿಮಾನದ ತೂಕವೂ ಸೇರಿಕೊಂಡು, ಅರಬ್ಬಿ ಸಮುದ್ರದ ಮೇಲಿನ ಮಳೆಗಾಲದ ಮೋಡಗಳಲ್ಲಿಯೂ ಅಲುಗಾಟ ಬಹಳ ಕಡಿಮೆ ಎನಿಸುತ್ತದೆ. ಸದ್ದಿನ ವಿಷಯದಲ್ಲಿ ಈ ವಿಮಾನ ಇನ್ನೂ ಮುಂದಿದೆ. ಒಳಗೆ ಎಷ್ಟು ನಿಶ್ಶಬ್ದವೆಂದರೆ, ವಿಶ್ರಾಂತಿ ಕೋಣೆಯಲ್ಲಿ ಮಲಗುವ ಪೈಲಟ್‌ಗಳು ಎಂಜಿನ್ ಸದ್ದಿನ ಮರೆ ಇಲ್ಲದೆ ಪ್ರಯಾಣಿಕರ ಮಾತು, ಮಕ್ಕಳ ಅಳು ಎಲ್ಲವೂ ಕೇಳಿ ನಿದ್ದೆ ಬರುತ್ತಿಲ್ಲವೆಂದು ದೂರಿದ್ದು ಆರಂಭದ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ವಿಮಾನವೊಂದರ ವಿರುದ್ಧ ಬಂದ ದೂರುಗಳಲ್ಲಿ ಇಷ್ಟು ಹೊಗಳಿಕೆಯಾಗಿ ಕೇಳುವ ದೂರು ಬೇರೆ ಇರಲಾರದು.

ಈ ನಿಶ್ಶಬ್ದಕ್ಕೆ ಒಂದು ಹಿನ್ನೆಲೆ ಇದೆ. ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ರಾತ್ರಿ ಹಾರಾಟಗಳಿಗೆ ಶಬ್ದದ ಕಟ್ಟುನಿಟ್ಟಾದ ಮಿತಿಗಳಿವೆ. ಆ ಮಿತಿಯೊಳಗೆ ಬರಲೇಬೇಕೆಂದು ಕೊಳ್ಳುವ ಸಂಸ್ಥೆಗಳು ಹಟ ಹಿಡಿದದ್ದರಿಂದ ಎಂಜಿನ್‌ನ ಮುಂಭಾಗದ ಫ್ಯಾನ್ ಅನ್ನು 110 ಅಂಗುಲದಿಂದ 116 ಅಂಗುಲಕ್ಕೆ, ಅಂದರೆ 2.95 ಮೀಟರ್ ವ್ಯಾಸಕ್ಕೆ, ಹಿಗ್ಗಿಸಲಾಯಿತು. ದೊಡ್ಡ ಫ್ಯಾನ್ ಹೆಚ್ಚು ಗಾಳಿಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳುತ್ತದೆ. ಗಾಳಿಯ ವೇಗ ಕಡಿಮೆಯಾದಷ್ಟೂ ಸದ್ದು ಕಡಿಮೆ. ಆದರೆ ದೊಡ್ಡ ಫ್ಯಾನ್, ಅದನ್ನು ಸುತ್ತುವರಿದ ದೊಡ್ಡ ಹೊದಿಕೆ, ಅದಕ್ಕೆ ತಕ್ಕ ಆಧಾರ ಇವೆಲ್ಲ ತೂಕವನ್ನೂ ಹೆಚ್ಚಿಸುತ್ತವೆ. ಹೀಥ್ರೂ ಸುತ್ತಲಿನ ನಿವಾಸಿಗಳ ನಿದ್ದೆಗೆಂದು ಮಾಡಿದ ವ್ಯವಸ್ಥೆಯ ಫಲವನ್ನು ದೇವನಹಳ್ಳಿಯಿಂದ ಹೊರಡುವ ನಾವು ಅನುಭವಿಸುತ್ತಿದ್ದೇವೆ.

ಇನ್ನು ಕಟ್ಟಿದ ವಸ್ತುಗಳ ವಿಷಯ. ಎ380 ಕಾರ್ಬನ್ ಫೈಬರ್ ವಿಮಾನವೆಂದು ಕೆಲವರು ಬರೆಯುವುದುಂಟು, ಅದು ಸರಿಯಲ್ಲ. ಅದರ ರಚನೆಯ ತೂಕದಲ್ಲಿ ಸುಮಾರು ಶೇಕಡ 60ರಷ್ಟು ಅಲ್ಯೂಮಿನಿಯಂ ಮಿಶ್ರಲೋಹಗಳೇ. ಕಾಂಪೊಸಿಟ್, ಅಂದರೆ ಕಾರ್ಬನ್ ಇಲ್ಲವೆ ಗಾಜಿನ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದ, ವಸ್ತುಗಳ ಪಾಲು ಸುಮಾರು ಶೇಕಡ 25. ಆದರೆ ಆ ಶೇಕಡ 25 ಎಲ್ಲಿದೆ ಎಂಬುದು ಮುಖ್ಯ. ಎರಡು ರೆಕ್ಕೆಗಳು ಒಡಲಿನ ಮಧ್ಯದಲ್ಲಿ ಬಂದು ಕೂಡುವ ಪೆಟ್ಟಿಗೆಯಂಥ ಭಾಗವೇ ಇಡೀ ವಿಮಾನದ ಭಾರವನ್ನು ಹೊರುವ ಜಾಗ. ದೊಡ್ಡ ಪ್ರಯಾಣಿಕ ವಿಮಾನವೊಂದರಲ್ಲಿ ಆ ಭಾಗವನ್ನು ಕಾರ್ಬನ್ ಫೈಬರ್‌ನಿಂದ ಕಟ್ಟಿದ್ದು ಎ380ರಲ್ಲೇ ಮೊದಲು. ಅದರಿಂದ ಸುಮಾರು ಒಂದೂವರೆ ಟನ್ ತೂಕ ಉಳಿಯಿತು. ಬಾಲದ ನೆಟ್ಟಗಿನ ಮತ್ತು ಅಡ್ಡ ರೆಕ್ಕೆಗಳು, ಒಡಲಿನ ಕೊನೆಯ ತುಂಡು, ಒಳಗಿನ ಒತ್ತಡವನ್ನು ಹಿಡಿದಿಡುವ ಹಿಂಬದಿಯ ಗುಮ್ಮಟ, ಮೇಲಿನ ಮಹಡಿಯ ನೆಲಕ್ಕೆ ಕೊಟ್ಟ ತೊಲೆಗಳು ಇವೂ ಕಾರ್ಬನ್ ಫೈಬರ್‌ನವೇ. ಕೆಳಗಿನ ಮಹಡಿಯಲ್ಲಿ ಕೂತವರ ತಲೆಯ ಮೇಲೆ ಇನ್ನೊಂದು ಮಹಡಿಯ ಜನರನ್ನು ಹೊತ್ತಿರುವುದು ಆ ತೊಲೆಗಳೇ.

ಒಡಲಿನ ಮೇಲ್ಭಾಗದ ಹೊದಿಕೆಗೆ ಬಳಸಿದ ಗ್ಲೇರ್ ಎಂಬ ವಸ್ತು ನನಗೆ ಈ ವಿಮಾನದ ಅತ್ಯಂತ ಆಸಕ್ತಿಯ ಭಾಗ. ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ನಡೆದ ಸಂಶೋಧನೆಯ ಫಲ ಅದು. ಕೂದಲೆಳೆಯಷ್ಟಲ್ಲದಿದ್ದರೂ ಬಹಳ ತೆಳುವಾದ ಅಲ್ಯೂಮಿನಿಯಂ ಹಾಳೆಗಳ ನಡುವೆ ಅಂಟಿನಲ್ಲಿ ನೆನೆದ ಗಾಜಿನ ಎಳೆಗಳನ್ನು ಹಾಸಿ, ಚಿರೋಟಿಯಂತೆ ಪದರದ ಮೇಲೆ ಪದರವಿಟ್ಟು, ಶಾಖ ಮತ್ತು ಒತ್ತಡ ಕೊಟ್ಟು ಗಟ್ಟಿ ಮಾಡುತ್ತಾರೆ. ವಿಮಾನ ಪ್ರತಿ ಸಲ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡದಿಂದ ಒಡಲು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ; ಸಾವಿರಾರು ಸಲ ಹೀಗಾದಾಗ ಲೋಹ ದಣಿದು, ಹಾಳೆಗಳನ್ನು ಬಿಗಿಯುವ ರಿವೆಟ್ ಎಂಬ ಮೊಳೆಯ ಸುತ್ತ ಬಿರುಕು ಹುಟ್ಟುತ್ತದೆ. ಬರಿಯ ಅಲ್ಯೂಮಿನಿಯಂನಲ್ಲಿ ಆ ಬಿರುಕು ಬೆಳೆಯುತ್ತಲೇ ಹೋಗುತ್ತದೆ. ಗ್ಲೇರ್‌ನಲ್ಲಿ ಲೋಹದ ಪದರ ಬಿರಿದರೂ ಗಾಜಿನ ಎಳೆಗಳು ಬಿರುಕಿನ ಎರಡು ದಂಡೆಗಳನ್ನು ಹಿಡಿದುಕೊಂಡಿರುತ್ತವೆ. ಬಿರುಕು ಬಹಳ ನಿಧಾನವಾಗಿ ಮಾತ್ರ ಮುಂದುವರಿಯುತ್ತದೆ. ಸಾಮಾನ್ಯ ಅಲ್ಯೂಮಿನಿಯಂಗಿಂತ ಇದು ಸುಮಾರು ಶೇಕಡ ಹತ್ತರಷ್ಟು ಹಗುರವೂ ಹೌದು. ಇಷ್ಟೆಲ್ಲ ಗುಣವಿದ್ದೂ ಎ380ರ ನಂತರ ಬಂದ ದೊಡ್ಡ ವಿಮಾನಗಳು ಇದನ್ನು ಮುಟ್ಟಲಿಲ್ಲ. ಬೋಯಿಂಗ್ 787 ಮತ್ತು ಏರ್‌ಬಸ್ ಎ350 ಒಡಲನ್ನು ಬಹುಪಾಲು ಕಾರ್ಬನ್ ಫೈಬರ್‌ನಿಂದಲೇ ಕಟ್ಟಿದವು. ಒಳ್ಳೆಯ ಶಿಷ್ಯನಿಗೆ ತಡವಾಗಿ ಕೆಲಸ ಸಿಕ್ಕು, ಸಿಕ್ಕ ಮರುದಿನವೇ ಕಾರ್ಖಾನೆ ಬಾಗಿಲು ಹಾಕಿಕೊಂಡಂತಾಯಿತು ಗ್ಲೇರ್‌ನ ಪಾಡು.

ಒಡಲಿನ ಕೆಳಭಾಗದ ಕೆಲವು ಹಲಗೆಗಳಲ್ಲಿ ರಿವೆಟ್‌ಗಳ ಬದಲು ಲೇಸರ್ ಬೆಸುಗೆ ಬಳಸಿದ್ದಾರೆ. ದ್ರವದ ಒತ್ತಡದಿಂದ ಚಲಿಸುವ ಭಾಗಗಳನ್ನು ಆಡಿಸುವ ಹೈಡ್ರಾಲಿಕ್ ಕೊಳವೆಗಳಲ್ಲಿ ವಾಡಿಕೆಯ ಚದರ ಅಂಗುಲಕ್ಕೆ 3,000 ಪೌಂಡ್ ಒತ್ತಡದ ಬದಲು 5,000 ಪೌಂಡ್ ಇಟ್ಟು ಕೊಳವೆಗಳನ್ನು ಸಪೂರಗೊಳಿಸಿ ಸುಮಾರು ಒಂದು ಟನ್ ಉಳಿಸಿದ್ದಾರೆ. ತೂಕ ಇಳಿಸುವ ಹಟದಲ್ಲಿ ವಿದ್ಯುತ್ ತಂತಿಗಳಿಗೂ ಹಲವೆಡೆ ತಾಮ್ರ ಬಿಟ್ಟು ಅಲ್ಯೂಮಿನಿಯಂ ತಂದರು, ಇಲ್ಲಿ ಮಾತ್ರ ಕೈ ಸುಟ್ಟುಕೊಂಡರು. ಒಂದು ವಿಮಾನದಲ್ಲಿ ಸುಮಾರು 530 ಕಿಲೊಮೀಟರ್ ತಂತಿ ಓಡುತ್ತದೆ. ಅಲ್ಯೂಮಿನಿಯಂ ತಂತಿಯನ್ನು ತಾಮ್ರದಷ್ಟು ಬಿಗಿಯಾಗಿ ಬಗ್ಗಿಸಲಾಗದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದವರು ವಿನ್ಯಾಸ ತಂತ್ರಾಂಶದ ಹಳೆಯ ಆವೃತ್ತಿಯನ್ನೂ ತುಲೂಸ್‌ನವರು ಹೊಸದನ್ನೂ ಬಳಸುತ್ತಿದ್ದುದರಿಂದ, ತಂತಿಯ ಕಟ್ಟುಗಳು ಜೋಡಣೆಗೆ ಬಂದಾಗ ಕೂಡುವ ಜಾಗಕ್ಕೆ ತಲುಪದೆ ಗಿಡ್ಡವಾದವು. ಮುಖ್ಯವಾಗಿ ಈ ಕಾರಣದಿಂದ ವಿಮಾನಗಳ ವಿತರಣೆ ಸುಮಾರು ಎರಡು ವರ್ಷ ಹಿಂದೆ ಬಿತ್ತು. ಆ ಎರಡು ವರ್ಷಗಳಲ್ಲೇ ಎರಡೇ ಎಂಜಿನ್‌ನ 787ಕ್ಕೆ ಬೇಡಿಕೆಗಳು ನೂರರ ಲೆಕ್ಕದಲ್ಲಿ ಬರತೊಡಗಿದ್ದವು.

ರೆಕ್ಕೆಯ ಬಗ್ಗೆ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು. ಎ380ರ ರೆಕ್ಕೆ ಈಗಿರುವ ವಿಮಾನಕ್ಕಾಗಿ ಮಾತ್ರ ಮಾಡಿದ್ದಲ್ಲ. ಮುಂದೆ ಬರಲಿದ್ದ ಇನ್ನೂ ಉದ್ದನೆಯ ಎ380-900 ಎಂಬ ರೂಪವನ್ನೂ ಹೊರುವಂತೆ ಅದನ್ನು ಮೊದಲೇ ದೊಡ್ಡದಾಗಿ ಮಾಡಿಟ್ಟರು. ಆ ವಿಮಾನ ಬರಲೇ ಇಲ್ಲ. ಹೀಗಾಗಿ ಹಾರಿದ ಪ್ರತಿಯೊಂದು ಎ380 ಕೂಡ ಹುಟ್ಟದ ತಮ್ಮನ ಅಂಗಿಯನ್ನು ತೊಟ್ಟೇ ಓಡಾಡಿದೆ. ಇದರ ಜೊತೆಗೆ ವಿಮಾನ ನಿಲ್ದಾಣಗಳಲ್ಲಿ ದೊಡ್ಡ ವಿಮಾನಗಳಿಗೆ 80 ಮೀಟರ್ ಅಗಲದ ಮಿತಿ ಇದೆ. ಆ ಮಿತಿಯೊಳಗೆ 845 ಚದರ ಮೀಟರ್ ವಿಸ್ತಾರವನ್ನು ತುಂಬಿಸಬೇಕಾದ್ದರಿಂದ ರೆಕ್ಕೆ ಗಿಡ್ಡವೂ ಅಗಲವೂ ಆಯಿತು. ಉದ್ದನೆಯ ಸಪೂರ ರೆಕ್ಕೆ ಗಾಳಿಯನ್ನು ಕಡಿಮೆ ಕಲಕುತ್ತದೆ, ಕಡಿಮೆ ಇಂಧನದಲ್ಲಿ ಎತ್ತುತ್ತದೆ ಎಂಬುದು ಹದ್ದನ್ನು ನೋಡಿದ ಯಾರಿಗಾದರೂ ಗೊತ್ತಿರುವ ಸಂಗತಿ. ಬೋಯಿಂಗ್ ತನ್ನ 777ಎಕ್ಸ್‌ನಲ್ಲಿ ರೆಕ್ಕೆಯ ತುದಿಯನ್ನೇ ನೆಲದ ಮೇಲೆ ಮಡಚುವಂತೆ ಮಾಡಿ ನಿಲ್ದಾಣಗಳ ಅಗಲದ ಮಿತಿಗೆ ಒಂದು ಉಪಾಯ ಕಂಡುಕೊಂಡಿತು.

ರೆಕ್ಕೆಯ ಬಲಪರೀಕ್ಷೆಯ ಕಥೆಯೂ ಇದೆ. ಹಾರಾಟದಲ್ಲಿ ಬರಬಹುದಾದ ಗರಿಷ್ಠ ಹೊರೆಯ ಒಂದೂವರೆ ಪಟ್ಟನ್ನು ರೆಕ್ಕೆ ತಾಳಬೇಕೆಂಬುದು ನಿಯಮ. 2006ರ ಫೆಬ್ರುವರಿಯಲ್ಲಿ ತುಲೂಸ್‌ನಲ್ಲಿ ರೆಕ್ಕೆಯನ್ನು ಮೇಲಕ್ಕೆ ಬಗ್ಗಿಸುತ್ತ ಹೋದಾಗ ಅದು 1.45 ಪಟ್ಟಿನಲ್ಲಿ ಮುರಿಯಿತು. ಏರ್‌ಬಸ್ ಸುಮಾರು 30 ಕಿಲೊ ತೂಕದ ಬಲವರ್ಧನೆ ಸೇರಿಸಿ ಆ ಅಂತರವನ್ನು ತುಂಬಿತು. 575 ಟನ್‌ನ ವಿಮಾನದಲ್ಲಿ 30 ಕಿಲೊ ಎಂದರೆ ಲೆಕ್ಕ ಎಷ್ಟು ಹತ್ತಿರಕ್ಕೆ ಬಂದಿತ್ತು ಎಂಬುದು ತಿಳಿಯುತ್ತದೆ. ಆದರೆ 2012ರ ಆರಂಭದಲ್ಲಿ ಕಂಡುಬಂದ ಬಿರುಕುಗಳು ಬೇರೆ ಬಗೆಯವು. ರೆಕ್ಕೆಯೊಳಗಿನ ಪಕ್ಕೆಲುಬುಗಳನ್ನು ಹೊರ ಹೊದಿಕೆಗೆ ಜೋಡಿಸುವ ಎಲ್ ಆಕಾರದ ಸಣ್ಣ ಪಾದಗಳು ಸಾವಿರಾರು ಇರುತ್ತವೆ. ಅವಕ್ಕೆ ಆರಿಸಿದ ಅಲ್ಯೂಮಿನಿಯಂ ಮಿಶ್ರಲೋಹ ಬಲವಾದದ್ದೇ ಆದರೂ ಪೆಡಸು. ಜೋಡಣೆಯ ಸಮಯದಲ್ಲಿ ಬಿಗಿಯುವಾಗಲೇ ಅವುಗಳಲ್ಲಿ ಒತ್ತಡ ಉಳಿದುಕೊಂಡು ಬಿರುಕಿಗೆ ದಾರಿಯಾಯಿತು. ಸುರಕ್ಷತೆಗೆ ತಕ್ಷಣದ ಅಪಾಯವೇನೂ ಆಗಲಿಲ್ಲ, ಎಲ್ಲ ವಿಮಾನಗಳನ್ನೂ ತಪಾಸಣೆಗೆ ಕರೆದು ದುರಸ್ತಿ ಮಾಡಿದರು. ಗಮನಿಸಬೇಕಾದ್ದು ಇಷ್ಟು: ಹೊಸದೆಂದು ಎಲ್ಲರೂ ಅನುಮಾನಿಸಿದ್ದ ಕಾರ್ಬನ್ ಫೈಬರ್ ಪೆಟ್ಟಿಗೆಯಲ್ಲಿ ತೊಂದರೆ ಬರಲಿಲ್ಲ, ದಶಕಗಳಿಂದ ಪರಿಚಿತವಾಗಿದ್ದ ಅಲ್ಯೂಮಿನಿಯಂನಲ್ಲೇ ಬಂತು.

ಎಂಜಿನ್‌ಗಳಿಗೆ ಬರೋಣ. ಎ380ಕ್ಕೆ ಎರಡು ಬಗೆಯ ಎಂಜಿನ್‌ಗಳಿದ್ದವು: ರೋಲ್ಸ್ ರಾಯ್ಸ್‌ನ ಟ್ರೆಂಟ್ 900, ಮತ್ತು ಜನರಲ್ ಎಲೆಕ್ಟ್ರಿಕ್ ಹಾಗೂ ಪ್ರಾಟ್ ಆ್ಯಂಡ್ ವಿಟ್ನಿ ಎಂಬ ಹಳೆಯ ಎದುರಾಳಿಗಳು ಕೈಜೋಡಿಸಿ ಎಂಜಿನ್ ಅಲಯನ್ಸ್ ಎಂಬ ಹೆಸರಿನಲ್ಲಿ ಮಾಡಿದ ಜಿಪಿ7200. ಎಮಿರೇಟ್ಸ್‌ನ ಮೊದಲಿನ ವಿಮಾನಗಳಲ್ಲಿ ಜಿಪಿ7200, ನಂತರ ಬಂದವುಗಳಲ್ಲಿ ಟ್ರೆಂಟ್ 900 ಇವೆ. ಬೆಂಗಳೂರಿಗೆ ಯಾವುದು ಬರುತ್ತದೆ ಎಂಬುದು ಆ ದಿನದ ವಿಮಾನವನ್ನು ಅವಲಂಬಿಸಿದೆ. ಎಂಜಿನ್ ಹೊದಿಕೆಯ ಮೇಲಿನ ಲಾಂಛನ ನೋಡಿ ಗುರುತಿಸಬಹುದು. ಎರಡೂ ತಲಾ ಸುಮಾರು 70,000 ಪೌಂಡ್‌ಗಳಷ್ಟು ನೂಕುಬಲ ಕೊಡುತ್ತವೆ. ಎರಡರ ಫ್ಯಾನ್‌ನಲ್ಲೂ 24 ಅಲಗುಗಳಿವೆ, ಎರಡರಲ್ಲೂ ಅವು ಟೊಳ್ಳಾದ ಟೈಟಾನಿಯಂನವು. ಒಳಗಿನ ಉರಿಯುವ ಭಾಗಕ್ಕೆ ಹೋಗುವ ಪ್ರತಿ ಒಂದು ಪಾಲು ಗಾಳಿಗೆ ಎಂಟು ಪಾಲಿಗಿಂತ ಹೆಚ್ಚು ಗಾಳಿ ಹೊರಗಿನಿಂದಲೇ ಹಾದುಹೋಗುತ್ತದೆ. ನೂಕುಬಲದ ಬಹುಪಾಲು ಬರುವುದು ಈ ಹೊರಗಿನ ಗಾಳಿಯಿಂದ. ವಿಮಾನ ಇಳಿದ ಮೇಲೆ ವೇಗ ತಗ್ಗಿಸಲು ಗಾಳಿಯನ್ನು ಮುಂದಕ್ಕೆ ತಿರುಗಿಸುವ ವ್ಯವಸ್ಥೆ ಒಳಗಿನ ಎರಡು ಎಂಜಿನ್‌ಗಳಿಗೆ ಮಾತ್ರ ಇದೆ. ಹೊರಗಿನ ಎರಡು ಎಂಜಿನ್‌ಗಳು ಹಲವು ನಿಲ್ದಾಣಗಳಲ್ಲಿ ರನ್‌ವೇಯ ಅಂಚಿನಾಚೆಯ ಮಣ್ಣಿನ ಮೇಲೆ ಚಾಚಿಕೊಳ್ಳುವುದರಿಂದ ಅವು ಕಲ್ಲು, ಧೂಳನ್ನು ಎಬ್ಬಿಸಿ ನುಂಗಬಾರದೆಂದೇ ಹೀಗೆ ಮಾಡಿದ್ದು.

ಟೊಳ್ಳಾದ ಟೈಟಾನಿಯಂ ಅಲಗು ಹೇಗೆ ಮಾಡುತ್ತಾರೆಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ರೋಲ್ಸ್ ರಾಯ್ಸ್‌ನ ಕ್ರಮದಲ್ಲಿ ಟೈಟಾನಿಯಂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಆಯ್ದ ಜಾಗಗಳಲ್ಲಿ ಅಂಟದಂತೆ ಲೇಪ ಹಚ್ಚಿ, ಶಾಖ ಮತ್ತು ಒತ್ತಡದಲ್ಲಿ ಉಳಿದ ಜಾಗಗಳು ಅಣುಮಟ್ಟದಲ್ಲಿ ಒಂದಾಗುವಂತೆ ಬೆಸೆಯುತ್ತಾರೆ. ಆಮೇಲೆ ಕಾಯಿಸಿದ ಅಚ್ಚಿನಲ್ಲಿಟ್ಟು ಒಳಗೆ ಅನಿಲ ಊದಿದಾಗ ಹಾಳೆಗಳು ಉಬ್ಬಿ, ನಡುವಿನ ಹಾಳೆ ಅಂಕುಡೊಂಕಾದ ಆಧಾರವಾಗಿ ಹಿಗ್ಗುತ್ತದೆ. ಹೊರಗೆ ಗಟ್ಟಿ ಅಲಗು, ಒಳಗೆ ಬಹುಪಾಲು ಖಾಲಿ. ಹಕ್ಕಿ ಬಂದು ಬಡಿದರೂ ತಾಳಬೇಕು. ಹಿಂಬದಿಯ ಟರ್ಬೈನ್‌ನ ಅಲಗುಗಳದ್ದು ಇನ್ನೊಂದು ಲೋಕ. ಅಲ್ಲಿ ಹಾಯುವ ಅನಿಲದ ಬಿಸಿ ಅಲಗಿನ ನಿಕ್ಕಲ್ ಮಿಶ್ರಲೋಹ ಕರಗುವ ಬಿಸಿಗಿಂತ ಹೆಚ್ಚು. ಇಡೀ ಅಲಗನ್ನು ಒಂದೇ ಹರಳಾಗಿ ಬೆಳೆಸಿ, ಒಳಗೆ ತಣ್ಣನೆಯ ಗಾಳಿಗೆ ನಾಳಗಳನ್ನು ಬಿಟ್ಟು, ಮೇಲೆ ಸೆರಾಮಿಕ್ ಲೇಪ ಹಚ್ಚಿ ಅದನ್ನು ಕರಗದಂತೆ ಕಾಯುತ್ತಾರೆ. ಟ್ರೆಂಟ್ ಎಂಜಿನ್‌ಗಳಿಗೆ ಬೇಕಾದ ಹಲವು ಬಿಡಿಭಾಗಗಳನ್ನು ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ರೋಲ್ಸ್ ರಾಯ್ಸ್‌ಗಳ ಜಂಟಿ ಕಾರ್ಖಾನೆಯೂ ತಯಾರಿಸುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಎರಡೂ ಎಂಜಿನ್‌ಗಳು ಒಂದೊಂದು ಸಲ ಭಾರಿಯಾಗಿ ಕೈಕೊಟ್ಟಿವೆ, ಎರಡೂ ಸಲ ಕಾರಣ ಸಾಸಿವೆಯಷ್ಟರಲ್ಲಿತ್ತು. 2010ರ ನವೆಂಬರ್ 4ರಂದು ಸಿಂಗಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ 32 ಹಾರಾಟದಲ್ಲಿ ಟ್ರೆಂಟ್ 900ರ ಸಣ್ಣ ಎಣ್ಣೆ ಕೊಳವೆಯೊಂದು ಬಿರಿಯಿತು. ಆ ಕೊಳವೆಯನ್ನು ಕೊರೆಯುವಾಗ ರಂಧ್ರ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಬದಿಯ ಗೋಡೆ ತೆಳುವಾಗಿತ್ತು. ಸೋರಿದ ಎಣ್ಣೆ ಹತ್ತಿಕೊಂಡು, ಟರ್ಬೈನ್‌ನ ತಟ್ಟೆ ಒಡೆದು, ತುಂಡುಗಳು ರೆಕ್ಕೆಯನ್ನು ತೂರಿಕೊಂಡು ಹೋದವು. 469 ಜನರಿದ್ದ ಆ ವಿಮಾನ ಸಿಂಗಪುರಕ್ಕೇ ಮರಳಿ ಸುರಕ್ಷಿತವಾಗಿ ಇಳಿಯಿತು. ಇಳಿದ ಮೇಲೂ ಒಂದು ಎಂಜಿನ್ ನಿಲ್ಲಿಸಲು ಬಾರದೆ ಗಂಟೆಗಟ್ಟಲೆ ನೀರು ಹೊಡೆಯಬೇಕಾಯಿತು. 2017ರ ಸೆಪ್ಟೆಂಬರ್ 30ರಂದು ಏರ್ ಫ್ರಾನ್ಸ್ 66 ಹಾರಾಟದಲ್ಲಿ ಜಿಪಿ7200ರ ಇಡೀ ಫ್ಯಾನ್ ಗ್ರೀನ್‌ಲ್ಯಾಂಡ್‌ನ ಮೇಲೆ ಕಳಚಿ ಬಿತ್ತು. ತನಿಖೆಗಾರರು ಸುಮಾರು ಎರಡು ವರ್ಷದ ನಂತರ ಹಿಮದಡಿಯಿಂದ ಫ್ಯಾನ್‌ನ ನಡುಗುಂಬದ ತುಂಡನ್ನು ಅಗೆದು ತೆಗೆದರು. ಟೈಟಾನಿಯಂನ ಒಳರಚನೆಯಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿದ ಹರಳುಗಳ ಗುಂಪೊಂದಿದ್ದು, ಹೊರೆ ಬಿದ್ದು ನಿಂತಾಗಲೆಲ್ಲ ಅಲ್ಲಿ ಬಿರುಕು ಬೆಳೆದಿತ್ತು ಎಂಬುದು ಪತ್ತೆಯಾಯಿತು. ಎರಡೂ ಘಟನೆಗಳಲ್ಲಿ ಯಾರೂ ಸಾಯಲಿಲ್ಲ. ಸೇವೆಗೆ ಬಂದಂದಿನಿಂದ ಎ380ರಲ್ಲಿ ಅಪಘಾತದಿಂದ ಒಬ್ಬ ಪ್ರಯಾಣಿಕನೂ ಮೃತಪಟ್ಟಿಲ್ಲ. ನಾಲ್ಕು ಎಂಜಿನ್, ಹಲವು ಪಟ್ಟು ಬದಲಿ ವ್ಯವಸ್ಥೆ, ಬಲವಾದ ರೆಕ್ಕೆ ಇವೆಲ್ಲ ವ್ಯರ್ಥ ಭಾರವೆಂದು ಲೆಕ್ಕಿಗರು ಗೊಣಗಿದರೂ ಅಂಥ ದಿನಗಳಲ್ಲಿ ಅವೇ ಜನರನ್ನು ಉಳಿಸಿವೆ.

ಹಾಗಾದರೆ ಇದರ ತಯಾರಿಕೆ ಏಕೆ ನಿಂತಿತು? ಸರಳ ಲೆಕ್ಕವೊಂದನ್ನು ಮಾಡಿ ನೋಡಿದೆ. ಖಾಲಿ ಎ380ರ ತೂಕ ಸುಮಾರು 277 ಟನ್. ಐನೂರು ಆಸನವೆಂದು ಹಿಡಿದರೆ ಒಂದು ಆಸನಕ್ಕೆ ಸುಮಾರು 550 ಕಿಲೊ ವಿಮಾನವನ್ನು ಹೊತ್ತೊಯ್ಯಬೇಕು. ಬೋಯಿಂಗ್ 777-300ಇಆರ್‌ನ ಖಾಲಿ ತೂಕ ಸುಮಾರು 168 ಟನ್. 350 ಆಸನವೆಂದು ಹಿಡಿದರೆ ಒಂದಕ್ಕೆ 480 ಕಿಲೊ. ಆ ವಿಮಾನದ ಜಿಇ90 ಎಂಜಿನ್ ಒಂದೊಂದೂ 115,000 ಪೌಂಡ್ ನೂಕುತ್ತದೆ, ಎರಡೇ ಸಾಕು. ನಾಲ್ಕು ಎಂಜಿನ್ ಎಂದರೆ ನಾಲ್ಕು ಕಡೆ ದುರಸ್ತಿ, ನಾಲ್ಕು ಕಡೆ ಖರ್ಚು. ಎಂಜಿನ್‌ಗಳ ಕಾಲವೂ ಎ380ಗೆ ಕೂಡಿಬರಲಿಲ್ಲ. ಅದು ಸೇವೆಗೆ ಬಂದ ನಾಲ್ಕೇ ವರ್ಷಗಳಲ್ಲಿ, 2011ರಲ್ಲಿ, 787 ತನ್ನ ಹೊಸ ಪೀಳಿಗೆಯ ಎಂಜಿನ್‌ಗಳೊಂದಿಗೆ ಬಂತು. ಜಿಇಎನ್‌ಎಕ್ಸ್‌ನಂಥ ಎಂಜಿನ್‌ನಲ್ಲಿ ಫ್ಯಾನ್‌ನ ಅಲಗೂ ಅದರ ಹೊದಿಕೆಯೂ ಕಾರ್ಬನ್ ಫೈಬರ್‌ನವು. ಎ380ಕ್ಕೆ ಹೊಸ ಎಂಜಿನ್ ಕೂರಿಸಬೇಕೆಂಬ ಮಾತು ಎಷ್ಟೋ ಸಲ ಬಂದರೂ ಅದು ನಡೆಯಲಿಲ್ಲ. 2019ರ ಫೆಬ್ರುವರಿಯಲ್ಲಿ ಎಮಿರೇಟ್ಸ್ ತನ್ನ ಬೇಡಿಕೆಯಿಂದ 39 ವಿಮಾನಗಳನ್ನು ಕಡಿತಗೊಳಿಸಿದಾಗ ಏರ್‌ಬಸ್ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು, ಕೊನೆಯ ವಿಮಾನ 2021ರ ಡಿಸೆಂಬರ್‌ನಲ್ಲಿ ಎಮಿರೇಟ್ಸ್‌ಗೇ ಹೋಯಿತು.

ಸುಮಾರು 15,000 ಕಿಲೊಮೀಟರ್ ನಿಲ್ಲದೆ ಹಾರಬಲ್ಲ, 3,20,000 ಲೀಟರ್ ಇಂಧನ ಹಿಡಿಸುವ ಯಂತ್ರವನ್ನು ಸುಮಾರು 2,700 ಕಿಲೊಮೀಟರ್‌ನ ಬೆಂಗಳೂರು–ದುಬೈ ಹಾದಿಗೆ ಬಳಸುವುದು ತಾಂತ್ರಿಕವಾಗಿ ದುಂದೇ ಸರಿ. ಆದರೆ ಆ ದುಂದಿನಲ್ಲೂ ಪ್ರಯಾಣಿಕನಿಗೆ ಲಾಭವಿದೆ. ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿರುವ ಕೆಂಪೇಗೌಡ ನಿಲ್ದಾಣದಲ್ಲಿ ಗಾಳಿ ತೆಳು, ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ದೂರದ ಹಾರಾಟಕ್ಕೆ ಟ್ಯಾಂಕ್ ತುಂಬಿಸಿಕೊಂಡ ವಿಮಾನಗಳು ಅಲ್ಲಿ ರನ್‌ವೇಯ ಉದ್ದಕ್ಕೂ ಏದುಸಿರು ಬಿಡುತ್ತವೆ. ಇಂಧನದ ಸಣ್ಣ ಪಾಲನ್ನಷ್ಟೇ ಹೊತ್ತ ಎ380 ಮಾತ್ರ ತನ್ನ ಗಾತ್ರಕ್ಕೆ ಒಪ್ಪದಷ್ಟು ಬೇಗ ನೆಲ ಬಿಡುತ್ತದೆ, ಎಂಜಿನ್‌ಗಳು ಗಂಟಲು ಹರಿದುಕೊಳ್ಳುವುದಿಲ್ಲ.

ಕುಂದುಗಳೂ ಇವೆ, ಮತ್ತು ಅವು ಗಾತ್ರದಿಂದಲೇ ಬಂದವು. ಐನೂರು ಜನ ಒಟ್ಟಿಗೆ ಇಳಿದರೆ ವಲಸೆ ಕೌಂಟರ್‌ನ ಮುಂದೆ, ಸಾಮಾನಿನ ಪಟ್ಟಿಯ ಸುತ್ತ ಐನೂರು ಜನವೇ ಇರುತ್ತಾರೆ. ದುಬೈನಲ್ಲಿ ಎ380ಕ್ಕೆಂದೇ ಕಟ್ಟಿದ ಕಾನ್ಕೋರ್ಸ್ ಎ ಇರುವುದರಿಂದ ಅಲ್ಲಿ ಹತ್ತುವುದು ಇಳಿಯುವುದು ಸಲೀಸು. ಬೇರೆ ಊರುಗಳಲ್ಲಿ ಅದೇ ಸೌಕರ್ಯವನ್ನು ನಿರೀಕ್ಷಿಸಬಾರದು. ದುಬೈನಿಂದ ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಾದವರು ನಡುವಿನ ಸಮಯವನ್ನು ತೀರ ಬಿಗಿಯಾಗಿ ಇಟ್ಟುಕೊಳ್ಳದಿರುವುದು ಒಳ್ಳೆಯದು. ಮಧ್ಯದ ನಾಲ್ಕರ ಸಾಲಿನ ನಡುವಿನ ಎರಡು ಆಸನಗಳು ಯಾವ ವಿಮಾನದಲ್ಲೂ ಹಿತವಲ್ಲ, ಇಲ್ಲಿಯೂ ಅಲ್ಲ.

ಹೋಲಿಕೆಗೆಂದು ಎ350ರ ಹೆಸರು ಹೇಳಬೇಕಾಗುತ್ತದೆ. ಏರ್ ಇಂಡಿಯಾದ ಎ350, 2024ರ ಜನವರಿಯಲ್ಲಿ ಬೆಂಗಳೂರು–ಮುಂಬೈ ನಡುವೆಯೂ ಹಾರಿದ್ದರಿಂದ ನಮ್ಮವರು ಹಲವರು ಅದನ್ನು ಕಂಡಿದ್ದಾರೆ. ಅದರ ರಚನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಪೊಸಿಟ್. ಅದೂ ನಿಶ್ಶಬ್ದವೇ, ಇಂಧನದಲ್ಲಿ ಬಹಳ ಮಿತವ್ಯಯಿ, ಯಂತ್ರವಾಗಿ ಎ380ಕ್ಕಿಂತ ಜಾಣ. ನಾಳೆ ವಿಮಾನ ಸಂಸ್ಥೆ ಕಟ್ಟುವುದಾದರೆ ನಾನು ಕೊಳ್ಳುವುದು ಅದನ್ನೇ. ಟಿಕೆಟ್ ಕೊಳ್ಳುವಾಗ ಮಾತ್ರ ನನ್ನ ಆಯ್ಕೆ ಎ380. ದುಬೈಗೆ ಹೋಗುವವರು ಕಾಯ್ದಿರಿಸುವಾಗ ವಿಮಾನದ ಬಗೆಯ ಸಂಕೇತವನ್ನು ನೋಡಿಕೊಳ್ಳಲಿ: 388 ಎಂದಿದ್ದರೆ ಎ380, 77ಡಬ್ಲ್ಯೂ ಎಂದಿದ್ದರೆ 777-300ಇಆರ್. ದರದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಅಥವಾ ಒಂದೆರಡು ಸಾವಿರ ರೂಪಾಯಿಯಷ್ಟೇ ಇದ್ದರೆ 388 ಆರಿಸಿಕೊಳ್ಳಬಹುದು. ಹತ್ತು ಸಾವಿರದ ಅಂತರವಿದ್ದರೆ ನಾಲ್ಕು ಗಂಟೆಯ ಹಾದಿಗೆ ಅಷ್ಟು ತೆರುವುದು ಬೇಡ. ಆ ಹಣವನ್ನು ದುಬೈನಿಂದ ಮುಂದಿನ ಹದಿನಾಲ್ಕು ಗಂಟೆಯ ಹಾರಾಟ ಎ380ರಲ್ಲಿ ಸಿಗುವಂತೆ ನೋಡಿಕೊಳ್ಳಲು ಬಳಸಿದರೆ ಹೆಚ್ಚು ಪ್ರಯೋಜನ.